ದೊಡ್ಡ ಮೇಡಂ ಸೇರಿದ ಗುಂಪು

"ಈ ಭಾನುವಾರವೂ ಉತ್ತರಪತ್ರಿಕೆ ಕಟ್ಟು ಹೊತ್ಕೊಂಡು ಬಂದ್ರೆ ನಾನು ಅಕ್ಕನ ಮನೆಗೆ ಹೊರಟೆ" ಎಂದು ಹೆಂಡತಿ ಹೇಳಿದ ದಿನವೇ ಗಣಿತ ಮೇಷ್ಟ್ರಿಗೆ ಗುಂಪು ಕಲಿಕೆಯ ಮೇಲೆ ಪ್ರೀತಿ ಉಕ್ಕಿತು. ನಾಲ್ವರಿಗೆ ಒಂದು ಗುಂಪು, ಗುಂಪಿಗೆ ಒಂದೇ ಉತ್ತರಪತ್ರಿಕೆ. ಮಕ್ಕಳು ಕೂಡಿ ಕಲಿತಂತೆಯೂ ಆಯಿತು, ತಿದ್ದುವ ಹೊರೆ ಇಳಿದಂತೆಯೂ ಆಯಿತು.

ಶನಿವಾರ ಏಳನೇ ತರಗತಿಯ ಬೆಂಚುಗಳನ್ನು ಎದುರುಬದುರು ತಿರುಗಿಸಿ, ಬೋರ್ಡಿನ ಮೇಲೆ ಲೆಕ್ಕ ಬರೆದರು: 'ತೊಟ್ಟಿಯಲ್ಲಿ ನೂರು ಲೀಟರ್ ನೀರಿದೆ. ಅದು ಶೇಕಡಾ ಹತ್ತು ಹೆಚ್ಚಿ, ಆಮೇಲೆ ಶೇಕಡಾ ಹತ್ತು ಇಳಿದರೆ ಉಳಿಯುವುದೆಷ್ಟು?'

ಅಷ್ಟೇ. ಕೆಟ್ಟು ನಿಂತ ಬಸ್ಸಿನ ಪ್ರಯಾಣಿಕರೆಲ್ಲ ಒಮ್ಮೆಗೇ ಮೆಕ್ಯಾನಿಕ್ಕಾದಂತೆ ತರಗತಿಯಲ್ಲಿ ಗದ್ದಲವೆದ್ದಿತು.

ಪಕ್ಕದ ಕೋಣೆಯಿಂದ ವಿಜ್ಞಾನದ ಮೇಡಂ ಇಣುಕಿದರು. "ಏನ್ ಸಾರ್, ಪಾಠಾನಾ, ಜಗಳಾನಾ?"

"ಚರ್ಚೆ ಮೇಡಂ, ಚರ್ಚೆ!"

ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಸಹಾಯಕ್ಕೆ ಓಡಿ ಬಂದು ಬಲವಾಗಿ ಸೀಟಿ ಊದಿದರು. ಶಾಲೆ ಬಿಟ್ಟಿತೆಂದು ಅರ್ಧ ಮಕ್ಕಳು ಬ್ಯಾಗು ಹೆಗಲಿಗೇರಿಸಿದರು. ಸೀಟಿಯ ಸದ್ದಿಗೆ ದೊಡ್ಡ ಮೇಡಮ್ಮೇ ಬಂದುಬಿಟ್ಟರು.

ಮುಖ್ಯೋಪಾಧ್ಯಾಯಿನಿ ಎಂದರೆ ಗಣಿತ ಮೇಷ್ಟ್ರಿಗೆ ಮೊದಲೇ ನಡುಕ. ಅವರ ಕೆಲಸ ಕಾಯಂ ಆಗಲು ಆಕೆಯ ಸಹಿಯೊಂದೇ ಬಾಕಿಯಿತ್ತು.

"ಗುಂಪಿನಲ್ಲಿ ಪರೀಕ್ಷೆನಾ? ಇರ್ಲಿ, ನಾನೂ ಕೂತು ನೋಡ್ತೀನಿ" ಎಂದು ಆಕೆ ಮೂಲೆಯ ಬೆಂಚಿನಲ್ಲಿ, ಎಲ್ಲರೂ ಗುಬ್ಬಿ ಎಂದು ಕರೆಯುವ ಪುಟ್ಟ ಹುಡುಗಿಯ ಪಕ್ಕ ಕುಳಿತರು.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಉತ್ತರಗಳನ್ನು ಓದಿದರು. ಒಂದನ್ನು ಬಿಟ್ಟು ಎಲ್ಲ ಗುಂಪುಗಳೂ ತೊಂಬತ್ತೊಂಬತ್ತು ಎಂದಿದ್ದವು. ನೂರಕ್ಕೆ ಹತ್ತು ಸೇರಿ ನೂರಹತ್ತು, ಅದರ ಶೇಕಡಾ ಹತ್ತೆಂದರೆ ಹನ್ನೊಂದು, ಕಳೆದರೆ ತೊಂಬತ್ತೊಂಬತ್ತು. ದೊಡ್ಡ ಮೇಡಂ ಗುಂಪಿನ ಹಾಳೆಯಲ್ಲಿ ಮಾತ್ರ, ಆಕೆಯದೇ ಗುಂಡು ಅಕ್ಷರದಲ್ಲಿ, 'ನೂರು' ಎಂದಿತ್ತು.

ಮೇಷ್ಟ್ರು ಹಾಳೆಯಿಂದ ತಲೆಯೆತ್ತಿದರು. ದೊಡ್ಡ ಮೇಡಂ ಕನ್ನಡಕದ ಮೇಲಿನಿಂದ ಅವರನ್ನೇ ನೋಡುತ್ತಿದ್ದರು.

"ಇದೂ... ಒಂದು ದೃಷ್ಟಿಯಲ್ಲಿ ಸರೀನೇ" ಎಂದು ತೊದಲಿ ಮೇಷ್ಟ್ರು ಆ ಗುಂಪಿಗೂ ಪೂರ್ತಿ ಅಂಕ ಹಾಕಿದರು.

"ಹೇಗೆ ಸಾರ್? ಮೋಸ ಸಾರ್!" ತರಗತಿ ಭುಗಿಲೆದ್ದಿತು. ಮೂಲೆಯ ಬೆಂಚಿನಲ್ಲಿ ಏನೋ ಪಿಸುಪಿಸು ನಡೆಯಿತು. ಆಮೇಲೆ ದೊಡ್ಡ ಮೇಡಂ ಗಂಭೀರವಾಗಿ ಎದ್ದು ನಿಂತರು.

"ನಾನು ಬೇಕಂತಲೇ ತಪ್ಪು ಬರೆದೆ, ನೀವೇನ್ ಮಾಡ್ತೀರಿ ನೋಡೋಣ ಅಂತ. ನೋಡಿದೆ! ಈಗಲೇ ಒಬ್ಬೊಬ್ಬರಿಗೂ ಬೇರೆ ಬೇರೆ ಪರೀಕ್ಷೆ ಕೊಡಿ. ತಿದ್ದಿದ ಪತ್ರಿಕೆ ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲಿರ್ಬೇಕು. ಕಾಯಂ ವಿಷಯ ಮುಂದಿನ ವರ್ಷ ನೋಡೋಣ."

ಆಕೆ ಹೊರಟುಹೋದ ಮೇಲೆ ಗುಬ್ಬಿ ಮೆಲ್ಲಗೆ ಮೇಷ್ಟ್ರ ಬಳಿ ಬಂದಳು.

"ಸಾರ್, ಮೇಡಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ತೊಂಬತ್ತೊಂಬತ್ತು ಅಂತ ನಾನು ಬಡ್ಕೊಂಡೆ, ಕೇಳ್ಲೇ ಇಲ್ಲ. ಕೊನೆಗೆ ಬಿಡಿಸಿ ತೋರಿಸಿದ್ಮೇಲೆ ಪಾಪ, ಬೆವರಿಬಿಟ್ರು."

"ಮತ್ತೆ ಬೇಕಂತಲೇ ಬರೆದೆ ಅಂದ್ರಲ್ಲಮ್ಮಾ?"

"ಹಾಗನ್ನಿ ಮೇಡಂ ಅಂತ ನಾನೇ ಹೇಳ್ಕೊಟ್ಟೆ. ಒಂದೇ ಗುಂಪಿನವರು ನಾವು, ಕೈಬಿಡೋಕಾಗುತ್ತಾ ಸಾರ್?"