ಪೆಟ್ರೋಲ್ ಟ್ಯಾಂಕರಿಗೆ ಹಚ್ಚಿದ ವಿಭೂತಿ

"ನಾಳೆ ಕೋರ್ಟಿನ್ಯಾಗ, 'ತಪ್ಪು ನನ್ನ ಹೆಣ್ತಿದು' ಅಂತ ಹೇಳ್ರಿ. ನಿಮ್ಮ ಲೈಸೆನ್ಸ್ ಉಳೀತೈತಿ."

ನಮ್ಮಾಕಿ, ಅಂದ್ರ ನನ್ನ ಹೆಣ್ತಿ, ಕಡೀಕ ಆಡಿದ ಮಾತು ಇದು. ಹಾಸಿಗಿ ಹಿಡಿದು ಭಾಳ ದಿನ ಆಗಿತ್ತು. ಮಧ್ಯಾಹ್ನ ಹೋದಳು. ಸಂಜಿಗೆ ಮಣ್ಣು ಮಾಡಿದ್ವಿ.

ನಾನು ಹೈದರಾಬಾದಿನ್ಯಾಗ ಪೆಟ್ರೋಲ್ ಟ್ಯಾಂಕರ್ ಹೊಡೀತೀನಿ. ಹೊತ್ತಿಕೊಳ್ಳೋ ಮಾಲಿಗೆ ಕಾಯ್ದೆ ಭಾಳ, ದಂಡ ಅದಕ್ಕಿಂತ ಭಾಳ. ಲೈಸೆನ್ಸ್ ಹೋತಂದ್ರ ನೌಕರಿನೂ ಹೋತು. ಅಂಥಾದ್ರಾಗೂ ನಗೋವಂಥಾವು ನಡೀತಾನ ಇರ್ತಾವ.

ಕ್ಲಾಸು

ನಮ್ಮಂಥ ಡ್ರೈವರಗೋಳು ವರ್ಷಾ ವರ್ಷಾ ತರಬೇತಿಗೆ ಕುಂದ್ರಬೇಕು. ಇಲ್ಲಂದ್ರ ಲೈಸೆನ್ಸ್ ಮುಂದ ನಡಿಯಂಗಿಲ್ಲ. ಒಮ್ಮೆ ಮಾಸ್ತರು ನನ್ನ ಮಗ್ಗಲಿನ ಡ್ರೈವರನ್ನ ಎಬ್ಬಿಸಿದರು.

"ಟ್ಯಾಂಕರಿಗೆ ಬೆಂಕಿ ಹತ್ತಿತು. ಮೊದಲ ಏನ್ ಮಾಡ್ತಿ?"

"ಓಡ್ತೀನ್ರಿ."

"ಆಮ್ಯಾಲೆ?"

"ಓಡಕೋತ ಮಾಲಕಗ ಫೋನ್ ಮಾಡ್ತೀನ್ರಿ."

"ಏನಂತ?"

"ನಾಳೆ ರಜಾ ಬೇಕಂತ."

ಫೋನ್ ನಂಬರ್

ಏನರೆ ಅನಾಹುತ ಆದ್ರ ಯಾರಿಗೆ ಫೋನ್ ಮಾಡಬೇಕು ಅಂತ ಟ್ಯಾಂಕರ್ ಮ್ಯಾಲೆ ಬರೆದಿರಬೇಕು. ಶಂಶಾಬಾದ್ ದಾರ್ಯಾಗ ಒಬ್ಬ ಆರ್‌ಟಿಓ ಸಾಹೇಬ ನನ್ನ ಗಾಡಿ ಹಿಡಿದ. ನಂಬರ್ ಖರೇ ಐತೋ ಇಲ್ಲೋ ನೋಡೂಣು ಅಂತ ಫೋನ್ ಹಚ್ಚೇಬಿಟ್ಟ. ಅದು ಮಾಲಕನ ಮನಿ ನಂಬರ್. ಎತ್ತಿದಾಕಿ ಅವನ ಅವ್ವ.

ಸಾಹೇಬ ಸುಳ್ಳಸುಳ್ಳ ತೆಲುಗಿನ್ಯಾಗ ಚೀರಿದ, "ಅಮ್ಮಾ, ನಿಮ್ಮ ಟ್ಯಾಂಕರ್ ಸೋರಾಕತ್ತೈತಿ. ಏನ್ ಮಾಡ್ಲಿ?"

ಮುದುಕಿ ಅಂದ್ಲು, "ಕೆಳಗ ಬಕೀಟ ಇಡಪ್ಪಾ. ಮಗ ಮಲಗ್ಯಾನ, ಎದ್ದಮ್ಯಾಲೆ ಹೇಳ್ತೀನಿ."

ದಂಡ ಬಿತ್ತು. ಬಕೀಟ ಇಟ್ಟಿದ್ರೂ ಬೀಳ್ತಿತ್ತು.

ಕೋರ್ಟು

ಟ್ಯಾಂಕರ್ ಹಿಂದ ಒಂದು ಹಲಗಿ ಇರ್ತೈತಿ. ಒಳಗ ಯಾವ ಮಾಲೈತಿ ಅಂತ ಬೆಂಕಿ ಆರಸೋರಿಗೆ ತಿಳೀಬೇಕಲ್ಲ, ಅದಕ್ಕ. ಹಾಸಿಗಿ ಹಿಡಿಯೋಕಿಂತ ಮೊದಲ, ದಸರಾ ಖಂಡೇಪೂಜಿ ದಿನ ನಮ್ಮಾಕಿ ಆ ಹಲಗಿ ತುಂಬ ಮೂರು ಬಟ್ಟು ವಿಭೂತಿ ಎಳೆದು, ನಡುವ ಕುಂಕುಮ ಇಟ್ಟಳು.

"ಗಾಡಿ ಹಣಿ ಮುಂದೈತಲ್ಲ," ಅಂದೆ.

"ದೃಷ್ಟಿ ಹಿಂದಿಂದ ಬೀಳ್ತೈತಿ. ಸುಮ್ಮಕಿರ್ರಿ," ಅಂದಳು.

ಅಕ್ಷರ ಕಾಣವಲ್ಲವು ಅಂತ ಬೇಗಂಪೇಟಿ ಹತ್ರ ಪೊಲೀಸ್ರು ಫೋಟೋ ಹೊಡಕೊಂಡರು. ಕೇಸಾತು.

ಮಣ್ಣು ಮಾಡಿದ ಮರುದಿನ ಮುಂಜಾನೆ ಜಳಕಾ ಮಾಡಿ, ವಿಭೂತಿ ಹಚ್ಚಿಕೊಂಡು ಕೋರ್ಟಿಗೆ ಹೋದೆ. ಜಡ್ಜ್ ಮೇಡಂ ಫೋಟೋ ತೋರಿಸಿ ಹಿಂದಿಯೊಳಗ ಕೇಳಿದರು, "ಇದನ್ನ ಹಚ್ಚಿದವರು ಯಾರು?"

ಆಕಿ ಹೇಳಿಕೊಟ್ಟ ಮಾತು ಬಾಯಿಗೆ ಬರಲಿಲ್ಲ. "ನಾನ ರೀ," ಅಂದೆ.

ಮೇಡಂ ಫೋಟೋ ನೋಡಿದರು. ನನ್ನ ಹಣಿ ನೋಡಿದರು. "ಇಲ್ಲಿ ಗೆರಿ ದಾರ ಹಿಡಿದು ಎಳೆದಂಗ ಅದಾವ. ನಿನ್ನ ಹಣಿಮ್ಯಾಲೆ ಮೂರೂ ಮೂರು ದಿಕ್ಕಿಗೆ ಹೊಂಟಾವ. ಖರೇ ಹೇಳು."

"ನಮ್ಮಾಕಿ ರೀ."

ಕೋರ್ಟೆಲ್ಲಾ ನಕ್ಕಿತು. ನಾನೂ ನಕ್ಕೆ. ಮೇಡಂ ದಂಡ ಹಾಕಿ ಲೈಸೆನ್ಸ್ ಉಳಿಸಿದರು.

"ಮುಂದಿನ ಸಲ ಗಾಲಿಗೆ ಹಚ್ಚಂತ ನಿನ್ನ ಹೆಣ್ತಿಗೆ ಹೇಳು," ಅಂದರು.

"ಹೇಳ್ತೀನ್ರಿ," ಅಂದೆ.