ಬೆನ್ನ ಮೇಲಿನ ಮಲ್ಲಿಗೆ

ತಮಿಳು ಗಡಿಯ ಹಳ್ಳಿ ತಿಗನಾರೆಯ ಸುಧಾಮಣಿ ಗಂಡನ ಅಂಗಿಯನ್ನು ಮೂಸಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ಅದನ್ನು ಬಾವುಟದ ಹಾಗೆ ಎತ್ತಿ ಹಿಡಿದು ಅತ್ತೆಯ ಮುಂದೆ ಶಪಥ ಮಾಡಿದಳು.

"ನನ್ನ ಕಣ್ಗ ಮಣ್ಣೆರಚೋರು ಈ ಊರಲ್ಲಿ ಇನ್ನೂ ಉಟ್ಟಿಲ್ಲ ಕಣತ್ತೆ. ಇವತ್ತು ಸಂಜ ಒಳಗ ಇಡ್ದು ತತ್ತೀನಿ."

ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಶಾಂತಮಲ್ಲಮ್ಮ ತಲೆ ಎತ್ತಲಿಲ್ಲ. ಮಗನ ಪರ ಆಡಿದರೆ ಸೊಸೆಗೆ ಕೋಪ, ಸೊಸೆಯ ಪರ ಆಡಿದರೆ ಮಗನಿಗೆ ಕೋಪ. ಅವರೆಕಾಯಿಗೆ ಆ ತಾಪತ್ರಯವಿಲ್ಲ.

ಸಂಗತಿ ಇಷ್ಟೆ. ಊರಾಚೆಯ ಬೀಳು ಹೊಲಕ್ಕೆ ಸಿನಿಮಾದವರು ಬಂದಿಳಿದಿದ್ದರು. ಮಾಯಾಲೋಕದ ಕತೆಯಂತೆ. ರಾಜಕುಮಾರಿಯಂತೆ, ಶಾಪವಂತೆ, ಹಾರುವ ಮಂಚವಂತೆ. ಸುಧಾಮಣಿಯ ಗಂಡ ನಿಂಗರಾಜುವಿಗೂ ಅಲ್ಲಿ ಕೂಲಿ ಸಿಕ್ಕಿತ್ತು. ಏನು ಕೆಲಸ ಎಂದು ಕೇಳಿದರೆ "ಬಾರ ಒರೋ ಕೆಲ್ಸ" ಎಂದು ಗೋಡೆ ನೋಡಿಕೊಂಡು ಹೇಳುತ್ತಿದ್ದ. ಗೋಡೆ ನೋಡಿ ಮಾತಾಡುವ ಗಂಡಸನ್ನು ನಂಬುವಷ್ಟು ದಡ್ಡಿಯೇ ಅವಳು? ಅದೂ ಅಲ್ಲದೆ, ಭಾರ ಹೊತ್ತವನ ಅಂಗಿ ಬೆವರು ನಾರಬೇಕೇ ಹೊರತು ಮಲ್ಲಿಗೆ ಘಮಘಮಿಸಬಾರದು.

ಆ ಮಲ್ಲಿಗೆಯಾದರೂ ಅಂಟಿದ್ದು ಎಲ್ಲಿ? ಅಂಗಿಯ ಬೆನ್ನಿಗೆ! ಜೊತೆಗೆ ಒಂದಿಷ್ಟು ಮಿಂಚುಪುಡಿ. ಎದೆಗೆ ಅಂಟಿದ್ದರೆ ಅರ್ಥವಾಗುತ್ತಿತ್ತು, ಪೊರಕೆ ಹಿಡಿದು ಮುಂದಿನದನ್ನು ನೋಡಿಕೊಳ್ಳಬಹುದಿತ್ತು. ಬೆನ್ನಿಗೆ ಅಂಟುವ ಪ್ರೇಮ ಯಾವ ಬಗೆಯದು?

ಇನ್ನೊಂದು ಅನುಮಾನ ಇದಕ್ಕಿಂತ ದೊಡ್ಡದು. ಮದುವೆಯಾದಂದಿನಿಂದ ಹೊಲದ ದಾರಿಯಲ್ಲಿ ನಿಂಗರಾಜು ಮುಂದೆ, ಸುಧಾಮಣಿ ಹಿಂದೆ. "ಆನೆ ಅಡ್ಡ ಬಂದ್ರ ಮೊದ್ಲು ನನ್ನ ನೋಡ್ಲಿ" ಎಂದು ಮೀಸೆ ತಿರುವಿದ್ದ ವೀರ ಅವನು. ಅಂಥ ವೀರ ಈಚೆಗೆ "ನೀ ಮುಂದ್ಗಡ ಓಗು" ಎನ್ನತೊಡಗಿದ್ದ. ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, ಅವಳು ಹೆಜ್ಜೆ ಇಟ್ಟಲ್ಲೇ ಹೆಜ್ಜೆ ಇಡುತ್ತ ಬರುತ್ತಿದ್ದ. ಅವಳು ನಿಂತರೆ ನಿಲ್ಲುತ್ತಿದ್ದ. ಸೆರಗು ಲಂಟಾನದ ಪೊದೆಗೆ ಸಿಕ್ಕಿ ಅವಳು ಎಡಕ್ಕೆ ವಾಲಿದರೆ ಅವನೂ ಎಡಕ್ಕೇ ವಾಲುತ್ತಿದ್ದ. ಸುಧಾಮಣಿ ಯೋಚನೆ ಮಾಡಿದಳು. ಈಗ ಆನೆ ಬಂದರೆ ಮೊದಲು ನೋಡುವುದು ಯಾರನ್ನು? ಅದು ನೋಡಿ, ತುಳಿದು, ಹೋದಮೇಲೆ ಮಲ್ಲಿಗೆಯವಳು ಈ ಮನೆಗೆ ಬಲಗಾಲಿಟ್ಟು ಬರಲು ಅಡ್ಡಿಯೇನು?

ಊಟದ ಹೊತ್ತು ಕಳೆದದ್ದೇ ಆ ಬೀಳು ಹೊಲಕ್ಕೆ ಹೊರಟಳು. ಅಲ್ಲೊಂದು ಆಳೆತ್ತರದ ಸಿಂಹ ನಡೆಯುತ್ತಿತ್ತು. ಅದರ ಬೆನ್ನ ಮೇಲೆ ಮುಡಿ ತುಂಬ ಮಲ್ಲಿಗೆ ಮುಡಿದ ರಾಜಕುಮಾರಿ. ಭಾರ ಹೊರುವವರ ಗುಂಪಿನಲ್ಲಿ ಹುಡುಕಿದಳು, ಗಂಡ ಇಲ್ಲ. ಆಗ ಸಿಂಹದ ಹಿಂಗಾಲು ಕಣ್ಣಿಗೆ ಬಿತ್ತು. ಪಂಜ ಹರಿದು ಹೊರಬಂದಿದ್ದ ಹೆಬ್ಬೆರಳಿಗೆ ಹಸಿರು ಬಟ್ಟೆ ಸುತ್ತಿತ್ತು. ಅದು ಅವಳ ಹಳೇ ಸೀರೆಯ ಅಂಚು. ಎಡವಿದ ಬೆರಳಿಗೆ ಬೆಳಗ್ಗೆ ಅವಳೇ ಕಟ್ಟಿದ್ದಳು.

ಜೀವಮಾನದಲ್ಲಿ ಮೊದಲ ಸಲ ಸುಧಾಮಣಿ ಗಂಡನ ಹೆಸರು ಹಿಡಿದು ಕೂಗಿದಳು. ಹುಲಿ ಕೂಗಿದ್ದರೂ ಸಿಂಹ ಅಷ್ಟು ಬೆದರುತ್ತಿರಲಿಲ್ಲ. ಮುಂಗಾಲು ಮುಂದಕ್ಕೆ ಹಾರಿತು, ಹಿಂಗಾಲು ನಿಂತಲ್ಲೇ ನಿಂತಿತು, ನಡುವೆ ಹೊಲಿಗೆ ಪರ್‍ರನೆ ಬಿಚ್ಚಿಕೊಂಡಿತು. ತಲೆಯ ಕಡೆಯಿಂದ ಹೊರಬಂದವನು ಅವಳ ಸ್ವಂತ ಅಣ್ಣ ಗುರುಸ್ವಾಮಿ. ಹಿಂದಿನ ಅರ್ಧ ಮಾತ್ರ ರಾಜಕುಮಾರಿಯನ್ನು ಹೊತ್ತು ಬಗ್ಗಿಯೇ ಇತ್ತು; ಅವಳ ಮಲ್ಲಿಗೆಯೂ ಮಿಂಚುಪುಡಿಯೂ ತೊಗಲಿನ ಬೆನ್ನ ಸಂದಿಯಿಂದ ಒಳಗೆ ಉದುರುತ್ತಿದ್ದವು. ನಿಲ್ಲಿಸು ಎಂದು ಡೈರೆಕ್ಟರು ಹೇಳಿರಲಿಲ್ಲವಲ್ಲ! ಹೇಳಿದ ಮೇಲೆಯೇ, ರಾಜಕುಮಾರಿ ಇಳಿದ ಮೇಲೆಯೇ, ನಿಂಗರಾಜು ಸೊಂಟ ಹಿಡಿದು ಕುಸಿದ.

"ಅವಳ ಜೊತ ಏನಾ ನಿಂಗ ಕೆಲ್ಸ?"

"ಅವಳ ಮೊಕಾನೇ ನೋಡಿಲ್ಲ ಕಣಮ್ಮಿ. ನಂಗ ಕಾಣದು ನಿಮ್ಮಣ್ಣನ ಬೆನ್ನು ಒಂದೇ."

"ಮತ್ತ ನನ್ನ ಯಾಕ ಮುಂದ ಬುಟ್ಕಂಡು ಬತ್ತಿದ್ದೆ?"

"ಇಂದ್ಗಡ ನಡ್ದು ನಂಗೇನು ಗೊತ್ತು? ಕಲೀಬೇಕಲ್ಲ. ಸಿಮ್ಮದ ಇಂಗಾಲು ಅಂದ್ರ ನಗ್ತೀಯ ಅಂತ ಏಳ್ನಿಲ್ಲ."

ಡೈರೆಕ್ಟರು ತಮಿಳಿನಲ್ಲಿ ಹಾರಾಡುತ್ತಿದ್ದರು. ಬಿಸಿಲು ಇಳಿಯುವುದರೊಳಗೆ ಈ ನಡಿಗೆ ಮುಗಿಯದಿದ್ದರೆ ನಾಳೆಯಿಂದ ಬೇರೆ ಹಿಂಗಾಲು ತರಿಸುತ್ತಾರಂತೆ. ನಿಂಗರಾಜು ಏಳಲು ಹೋದ, ಆಗಲಿಲ್ಲ. ಇಷ್ಟು ದಿನ ಬಗ್ಗಿ ಬಗ್ಗಿ ಕಲಿತ ಪಾಠ ಮಣ್ಣುಪಾಲಾಯಿತೆಂದು ಅವನ ಮೀಸೆ ಜೋತುಬಿತ್ತು. ಮಲ್ಲಿಗೆಗೆ ಕರಗದ ಸುಧಾಮಣಿಯ ಎದೆ ಆ ಮೀಸೆಗೆ ಕರಗಿತು. ಸೆರಗು ಸಿಕ್ಕಿಸಿ, "ಆ ತೊಗಲು ಇತ್ತಗ ಕೊಡಿ" ಎಂದಳು.

ಬಿಚ್ಚಿದ ಹೊಲಿಗೆ ಹಾಕಿಸಿ, ತೊಗಲೊಳಗೆ ಹೊಕ್ಕು, ಅಣ್ಣನ ಸೊಂಟ ಹಿಡಿದು ಬಗ್ಗಿದಳು. ರಾಜಕುಮಾರಿ ಹತ್ತಿದಳು. ಮುಂಗಾಲು ನಡೆದರೆ ನಡೆದಳು, ನಿಂತರೆ ನಿಂತಳು. ಒಂದೇ ಸಲಕ್ಕೆ ಮುಗಿಯಿತು. ಇದಕ್ಕೆಂದೇ ಹುಟ್ಟಿದವರ ಹಾಗೆ ನಡೆದಿರಲ್ಲ, ಇಷ್ಟು ಶ್ರದ್ಧೆ ಎಲ್ಲಿ ಕಲಿತಿರಿ ಎಂದು ಡೈರೆಕ್ಟರು ಬೆರಗಾಗಿ ಕೇಳಿದರು.

"ಮದ್ವ ಆದಾಗಿಂದ ಇದೇ ಪಾರ್ಟು ಕಣಪ್ಪ" ಎಂದಳು ಸುಧಾಮಣಿ. "ಕೂಲಿ ಸಿಕ್ತಿರದು ಇವತ್ತೇ."

ಸಂಜೆ ಅವಳು ಮುಂದೆ, ಅವನು ಕುಂಟುತ್ತ ಹಿಂದೆ, ಮನೆ ಸೇರಿದರು. ಜಗಲಿಯಲ್ಲಿದ್ದ ಶಾಂತಮಲ್ಲಮ್ಮ ಈ ಸಲ ತಲೆ ಎತ್ತಿದರು. ಸೊಸೆಯನ್ನು ಹಿಡಿದು ತಿರುಗಿಸಿ, ರವಿಕೆಯ ಬೆನ್ನಿನಿಂದ ಒಂದು ಮಲ್ಲಿಗೆ ಹೂವು ತೆಗೆದು ಮೂಸಿದರು. ಬೆರಳಿಗೆ ಅಂಟಿದ ಮಿಂಚುಪುಡಿಯನ್ನು ದೀಪಕ್ಕೆ ಹಿಡಿದು ನೋಡಿದರು.

"ಎಲ್ಲಿಗವ್ವ ಓಗಿದ್ದೆ?"

ಸುಧಾಮಣಿ ಬಾಯಿ ತೆರೆದಳು. ರಾಜಕುಮಾರಿಯಿಂದ ಶುರು ಮಾಡಲೇ, ಸಿಂಹದಿಂದಲೇ, ಅರ್ಧ ಸಿಂಹದಿಂದಲೇ? ಯಾವ ತುದಿಯಿಂದ ಹಿಡಿದರೂ ಅದು ಸುಳ್ಳಿನ ಹಾಗೇ ಕಾಣುತ್ತಿತ್ತು. ತನಗೇ ಗೊತ್ತಿಲ್ಲದೆ ಗೋಡೆಯ ಕಡೆ ತಿರುಗಿದಳು.

"ಬಾರ ಒರೋ ಕೆಲ್ಸ ಕಣತ್ತೆ."