ಚಿತ್ರ ಸ್ಪಷ್ಟವಾಗಿಲ್ಲ

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಮಾಡಿದವರು ನನ್ನಂಥ ಹವ್ಯಾಸಿ ಚಿತ್ರಕಾರನನ್ನು ನೋಡಿಯೇ ಮಾಡಿರಬೇಕು. ಯಲಹಂಕದ ಪಂಪು ಕಾರ್ಖಾನೆಯೊಂದರ ಆಫೀಸಿನಲ್ಲಿ ವಾರವೆಲ್ಲ ಬಿಲ್ಲು ಬರೆಯುವ ನಾನು, ಭಾನುವಾರ ಬಂತೆಂದರೆ ಅಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯ ನಮ್ಮ ಮನೆಯ ಊಟದ ಮೇಜಿನ ತುಂಬ ಬಣ್ಣ ಹರಡಿಕೊಳ್ಳುತ್ತೇನೆ. ಅಂದು ಹೆಂಡತಿ ಶೋಭಾ ತಟ್ಟೆಗಳನ್ನು ನೆಲದ ಮೇಲಿಟ್ಟು ಬಡಿಸುತ್ತಾಳೆ. ಅದನ್ನು ನಾನು ಕಲೆಗೆ ಸಿಕ್ಕ ಪ್ರೋತ್ಸಾಹವೆಂದೇ ಭಾವಿಸಿದ್ದೇನೆ.

ಈ ಸಲದ ಯುಗಾದಿಗೆ ಶುಭಾಶಯ ಪತ್ರದ ಚಿತ್ರಗಳು ಬೇಕೆಂದು ಆನ್‌ಲೈನ್ ಅಂಗಡಿಯೊಂದು ಕರೆದಿತ್ತು. ಗದಗಿನಿಂದ ಬಂದಿದ್ದ ಅತ್ತೆಯವರನ್ನು ಕೂರಿಸಿ, ಅಜ್ಜಿಯೊಬ್ಬಳು ಬೇವು-ಬೆಲ್ಲ ಕೊಡುತ್ತಿರುವಂತೆ ಬರೆದೆ. ಬಣ್ಣ ಒಣಗುವ ಮೊದಲೇ ಅತ್ತೆಯವರು ಊರಿಗೆ ಫೋನು ಮಾಡಿ, ತಾವು ಕಾರ್ಡಿನ ಮೇಲೆ ಬರುವ ಸುದ್ದಿಯನ್ನು ಓಣಿಗೆಲ್ಲ ಮುಟ್ಟಿಸಿದರು. ಇನ್ನು ಚಿತ್ರ ಒಪ್ಪಿಗೆಯಾಗದಿದ್ದರೆ ಹೋಗುವ ಮರ್ಯಾದೆ ನನ್ನೊಬ್ಬನದಲ್ಲ.

ಮೊದಲ ಉತ್ತರ, ಚಿತ್ರ ಮಸುಕಾಗಿದೆ, ಮತ್ತೆ ಕಳಿಸಿ ಎಂದು. ಫೋಟೋ ತೆಗೆದದ್ದು ಶೋಭಾಳ ಫೋನಿನಲ್ಲಿ. ವಾಟ್ಸಾಪ್ ಹಾದು ನನ್ನ ಫೋನಿಗೆ ಬರುವಷ್ಟರಲ್ಲಿ ಅದು ಸೊರಗಿಹೋಗಿತ್ತು. ಸರಿ, ನನ್ನ ಫೋನಿನಲ್ಲೇ ತೆಗೆದು ಕಳಿಸಿದೆ. ವಿವರಣೆಯಲ್ಲಿ ಅಜ್ಜಿ ಎಂದು ಬರೆದಿದ್ದೀರಿ, ಚಿತ್ರದಲ್ಲಿರುವುದು ಯುವತಿಯಲ್ಲವೇ ಎಂದು ಕೇಳಿದರು. ನೋಡಿದರೆ ನನ್ನ ಫೋನಿನಲ್ಲಿ ಮುಖದ ಸುಕ್ಕು ಅಳಿಸುವ ಸೌಲಭ್ಯ ಚಾಲೂ ಇತ್ತು. ಯಾಕೆ ಇತ್ತೆಂದು ಶೋಭಾ ಕೇಳಿದಾಗ ನಾನು ಕಿಟಕಿಯಾಚೆ ನೋಡಿದೆ. ಆದರೂ, ನಾನು ಬರೆದದ್ದು ಮುಖವೆಂದು ಫೋನಿಗಾದರೂ ತಿಳಿಯಿತಲ್ಲ ಎಂದು ಒಳಗೊಳಗೇ ಖುಷಿಯಾಯಿತು. ಅತ್ತೆಯವರಿಗಂತೂ ಅದೇ ಹಿಡಿಸಿತು.

"ಇದರಾಗ ನಾ ಛಲೋ ಕಾಣಸ್ತೀನಿ ನೋಡ್ರಿ. ಇದನ್ನ ಇಟ್ಕೋರಿ ಅಂತ ಹೇಳ್ರಿ ಅವರಿಗೆ."

ಕೊನೆಗೆ ನನ್ನ ಸಹೋದ್ಯೋಗಿ ಸಲೀಮ್, ಆರ್.ಟಿ. ನಗರದ ತಮ್ಮ ಮನೆಯ ಹತ್ತಿರದ ಅಂಗಡಿಯಲ್ಲಿ ಚಿತ್ರವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿಸಿಕೊಟ್ಟರು. ಕಾಗದದ ನಾರು ಕೂಡ ಕಾಣುವಷ್ಟು ಸ್ಪಷ್ಟ. ಇನ್ನು ಯಾರೂ ಏನೂ ಅನ್ನುವ ಹಾಗಿಲ್ಲ ಎಂದು ಧೈರ್ಯವನ್ನೂ ತುಂಬಿದರು.

ಮರುದಿನವೇ ಉತ್ತರ ಬಂತು. ಚಿತ್ರದ ಗುಣಮಟ್ಟ ಅತ್ಯುತ್ತಮ ಎಂಬ ಮೊದಲ ಸಾಲನ್ನು ಮನೆಗೆಲ್ಲ ಕೇಳುವಂತೆ ಓದಿದೆ. ಮುಂದಿನದನ್ನು ಶೋಭಾ ಓದಿದಳು. ಅಜ್ಜಿಯ ಬಲಗೈಯಲ್ಲಿ ಆರು ಬೆರಳುಗಳಿವೆ. ಬೆರಳಿನ ಲೆಕ್ಕ ತಪ್ಪುವ ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳನ್ನು ನಾವು ಸ್ವೀಕರಿಸುವುದಿಲ್ಲ.

ಎಣಿಸಿದೆವು. ಆರೇ ಇದ್ದವು. ಮಸುಕಿನಲ್ಲಿ ಮರ್ಯಾದೆಯಿಂದ ಅಡಗಿದ್ದ ಬೆರಳು, ಸ್ಪಷ್ಟತೆ ಹೆಚ್ಚಿದ್ದೇ ಎದ್ದು ಕುಳಿತಿತ್ತು. ಅತ್ತೆಯವರು ತಮ್ಮ ಕೈಯನ್ನೇ ಒಮ್ಮೆ ತಿರುಗಿಸಿ ನೋಡಿಕೊಂಡು, ನನ್ನ ಮುಖ ನೋಡಲಾರದೆ ಸಮಾಧಾನ ಹೇಳಿದರು.

"ಇರ್ಲಿ ಬಿಡ್ರಿ. ಕೃತಕನೋ ಏನೋ, ಬುದ್ಧಿ ಐತಿ ಅಂತಾದ್ರೂ ಒಪ್ಯಾರಲ್ಲ."

ಆದರೆ ಬರೆದದ್ದು ಯಂತ್ರವಲ್ಲ, ನಾನೇ ಎಂದು ನಂಬಿಸುವುದು ಹೇಗೆ? ಬಹಳ ಯೋಚಿಸಿ, ನನಗೆ ಬೆರಳು ಬರೆಯಲು ಬರುವುದಿಲ್ಲ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಒಂದು ಹೆಚ್ಚಾಯಿತು ಎಂದು ವಿನಯದಿಂದ ಬರೆದೆ. ಹೆಚ್ಚಿನ ಬೆರಳನ್ನು ಬೇವಿನೆಲೆಯಿಂದ ಮುಚ್ಚಿ, ಮತ್ತೆ ಸ್ಕ್ಯಾನ್ ಮಾಡಿಸಿ ಕಳಿಸಿದೆ. ಒಪ್ಪಿಗೆಯಾಯಿತು. ಅತ್ತೆಯವರು ಗದಗಿಗೆ ಫೋನು ಹಚ್ಚಿದರು. ನಾನು ಮಾತ್ರ ಒಪ್ಪಿಗೆಯ ಜೊತೆಗೆ ಬಂದ ಸಾಲನ್ನೇ ಓದುತ್ತ ಕುಳಿತೆ: 'ಉಳಿದ ಚಿತ್ರವನ್ನೂ ಗಮನವಿಟ್ಟು ನೋಡಿದೆವು. ಇದು ಯಂತ್ರ ಮಾಡಿದ್ದಲ್ಲವೆಂದು ಪೂರ್ತಿ ಮನವರಿಕೆಯಾಯಿತು.'